ಕಿವಿಯ ಮೊರೆತ, ತಲೆಯ ಸುತ್ತು: ಚಿಕಿತ್ಸೆ ನಡೆದು ಬಂದ ದಾರಿ

ಕಾಸರಗೋಡಿನ ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕರೊಬ್ಬರು ಕಳೆದ ಮಳೆಗಾಲದಲ್ಲಿ ನನ್ನ ಮೇಜಿನ ಮೇಲೆ ದಪ್ಪನೆಯ ಫೈಲೊಂದನ್ನು ಇಟ್ಟರು. ಅದರೊಳಗೆ ಕತ್ತಿನ ಎಕ್ಸ್‌ರೇ ಮೂರು, ಎಂಆರ್‌ಐ ಒಂದು, ತಲೆಸುತ್ತಿಗೆ ಕೊಡುವ ಬೀಟಾಹಿಸ್ಟಿನ್ ಮಾತ್ರೆಯ ಎರಡು ವರ್ಷದ ಚೀಟಿಗಳು. “ಕೆಮಿಲಿ ಗುಂಯ್ ಹೇಳ್ತು, ಮಗ್ಗಿಲು ತಿರುಗಿರೆ ಮಾಡೇ ತಿರುಗುತ್ತು” ಎಂದರು. ಹೋದಲ್ಲೆಲ್ಲ ಅವರಿಗೆ ಸಿಕ್ಕಿದ್ದು ಎರಡೇ ಮಾತು: ಕತ್ತಿನ ಎಲುಬು ಸವೆದಿದೆ, ಮಾತ್ರೆ ನುಂಗಿ; ಕಿವಿಯ ಶಬ್ದಕ್ಕೆ ಮದ್ದಿಲ್ಲ, ಸಹಿಸಿಕೊಳ್ಳಿ. ಮಗ್ಗುಲಿನ ಆ ತಲೆಸುತ್ತು ಅಂದೇ, ಮಂಚದ ಮೇಲೆ, ಕಾಲು ಗಂಟೆಯೊಳಗೆ ಬಿಟ್ಟುಹೋಯಿತು. ಗುಂಯ್ ಹೋಗಿಲ್ಲ. ಆದರೆ ಆರು ತಿಂಗಳ ಮೇಲೆ ಬಂದವರು ನಾನಾಗಿ ಕೇಳುವ ತನಕ ಅದರ ಮಾತೆತ್ತಲಿಲ್ಲ. ಕೇರಳ-ಕರ್ನಾಟಕ ಗಡಿಯ ಆಚೆಗೂ ಈಚೆಗೂ ಮೂರು ದಶಕ ಕಿವಿ ಪರೀಕ್ಷೆ ಮಾಡಿಕೊಂಡು ಬಂದ ಆಡಿಯಾಲಜಿಸ್ಟ್ ನಾನು. ಗುಣವಾಗುವುದೆಂದರೆ ಏನು ಎಂಬುದು ಈ ಎರಡು ತೊಂದರೆಗಳಲ್ಲಿ ಎರಡು ಬಗೆ ಎಂದು ತಿಳಿಯಲು ವೈದ್ಯಕ್ಕೆ ಬಹಳ ಕಾಲ ಹಿಡಿಯಿತು.

ಹಳೆಯದನ್ನು ಬೇಗ ಹೇಳಿಬಿಡುತ್ತೇನೆ. ಸುಶ್ರುತ ಎಣಿಸಿದ 28 ಕರ್ಣರೋಗಗಳಲ್ಲಿ ಕರ್ಣನಾದ, ಕರ್ಣಕ್ಷ್ವೇಡ ಎಂಬ ಎರಡು ಮೊರೆತಗಳಿವೆ. ಬಿಲ್ವತೈಲದ ಕರ್ಣಪೂರಣವೂ ಇದೆ. ಭ್ರಮ, ಅಂದರೆ ತಲೆಸುತ್ತು, ವಾತಪಿತ್ತಗಳ ಲೆಕ್ಕಕ್ಕೆ ಹೋಯಿತು. ಪಿತ್ತ ತಲೆಗೇರಿದೆ ಎಂದು ನಮ್ಮಲ್ಲಿ ಈಗಲೂ ಹೇಳುವುದು ಅದರ ಉಳಿಕೆ. ಯುರೋಪಿನಲ್ಲೂ ಕಿವಿಗೂ ತಲೆಸುತ್ತಿಗೂ ನಂಟು ಕಲ್ಪಿಸಿದವರು ಕಡಿಮೆ. ಮಿದುಳಿಗೆ ರಕ್ತ ನುಗ್ಗಿದೆ ಎಂದು ಜಿಗಣೆ ಹಚ್ಚುತ್ತಿದ್ದ ಕಾಲದಲ್ಲಿ, 1861ರಲ್ಲಿ, ಪ್ಯಾರಿಸಿನ ಕಿವುಡರ ಸಂಸ್ಥೆಯ ವೈದ್ಯ ಪ್ರಾಸ್ಪರ್ ಮೆನಿಯೆ ಈ ಸುತ್ತಿನ ಮೂಲ ಒಳಗಿವಿ ಎಂದರು. ಮರುವರ್ಷವೇ ತೀರಿಕೊಂಡರು; ಕಾಯಿಲೆಗೆ ಅವರ ಹೆಸರು ಉಳಿಯಿತು. ವಿಯೆನ್ನಾದ ರಾಬರ್ಟ್ ಬಾರಾನಿಯದು ಇನ್ನೂ ಸ್ವಾರಸ್ಯದ ಕತೆ. ಕಿವಿ ತೊಳೆಯುವಾಗ ನೀರು ತಣ್ಣಗಿದ್ದರೆ ತಲೆ ತಿರುಗುತ್ತದೆ ಎಂಬ ರೋಗಿಗಳ ದೂರನ್ನು ಗೊಣಗಾಟವೆಂದು ತಳ್ಳಿಹಾಕದೆ ಅದನ್ನೇ ಪರೀಕ್ಷೆಯಾಗಿಸಿದರು. 1914ರ ನೊಬೆಲ್ ಸುದ್ದಿ ಮುಟ್ಟುವಾಗ ಅವರು ರಷ್ಯದಲ್ಲಿ ಯುದ್ಧಕೈದಿ. ಮುಂದೆ 1952ರಲ್ಲಿ ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ರೋಗಿಯನ್ನು ಸರಕ್ಕನೆ ಮಲಗಿಸಿ, ತಲೆಯನ್ನು ಮಂಚದಂಚಿನಿಂದ ಕೆಳಗೆ ಜೋಲಿಸಿ ಕಣ್ಣಾಲಿಯ ಕುಣಿತ ನೋಡುವ ಕ್ರಮವನ್ನು ಬರೆದಿಟ್ಟರು.

ಈ ಮಧ್ಯೆ ಮದ್ದೇ ಕಿವಿ ಕೆಡಿಸಿದ ಅಧ್ಯಾಯವೊಂದಿದೆ. ಪಠ್ಯಗಳು ಅದನ್ನು ಅಡಿಟಿಪ್ಪಣಿಯಲ್ಲಿ ಮುಗಿಸುತ್ತವೆ. ಮಲೇರಿಯಕ್ಕೆ ಕ್ವಿನೈನ್ ನುಂಗಿದವರಿಗೆ ಕಿವಿ ಗುಂಯ್ಗುಡುತ್ತಿತ್ತು, ಬಿಟ್ಟರೆ ಹೆಚ್ಚಾಗಿ ಇಳಿಯುತ್ತಿತ್ತು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಚುಚ್ಚಿಸಿಕೊಂಡು ಬದುಕುಳಿದ ಕೆಲವರ ಸಮತೋಲ ಮಾತ್ರ ಮರಳಿ ಬರಲಿಲ್ಲ. ಕತ್ತಲಲ್ಲಿ ಅಂಗಳ ದಾಟಲು ಗೋಡೆ ಹಿಡಿಯುತ್ತಿದ್ದ ಅಂಥ ಅಜ್ಜಂದಿರನ್ನು ನಾನು ನೋಡಿದ್ದೇನೆ. ಅವರಿಗೆ ‘ಮುಪ್ಪು’ ಎಂದು ಹೇಳಿ ಕಳುಹಿಸಲಾಗಿತ್ತು.

ಎಂಬತ್ತರ ದಶಕದಲ್ಲಿ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ನಾವು ಕಲಿಯುವಾಗ ಪರೀಕ್ಷೆಗಳಿಗೆ ಬರವಿರಲಿಲ್ಲ. 30 ಡಿಗ್ರಿಯ ನೀರು, 44 ಡಿಗ್ರಿಯ ನೀರು, ಕೈಯಲ್ಲಿ ಸ್ಟಾಪ್‌ವಾಚ್. ರೋಗಿಗೆ ಕಾಯಿಲೆಯ ಹೆಸರು ಸಿಗುತ್ತಿತ್ತು, ಮುಂದೇನು ಎಂಬ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ತಲೆ ಜೋಲಿಸಿ, ಕಣ್ಣು ಕುಣಿಯುವುದನ್ನು ಕಂಡು, “ಆ ಮಗ್ಗುಲಿಗೆ ಮಲಗಬೇಡಿ” ಎನ್ನುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಮೆರಿಕದ ಪೋರ್ಟ್‌ಲ್ಯಾಂಡಿನ ಜಾನ್ ಎಪ್ಲಿ ಆ ಹೊತ್ತಿಗಾಗಲೇ ಉತ್ತರ ಕಂಡುಕೊಂಡಿದ್ದರು. ಒಳಗಿವಿಯ ಸುಣ್ಣದ ಸಣ್ಣ ಹರಳುಗಳು ಜಾರಿ ಅರ್ಧವೃತ್ತ ನಾಳಕ್ಕೆ ಬಿದ್ದಿವೆ ಎಂದಾದರೆ, ತಲೆಯನ್ನು ಹಂತ ಹಂತವಾಗಿ ತಿರುಗಿಸಿ ಅವನ್ನು ಹೊರಳಿಸಿ ಹೊರಗೆ ತರಬಹುದಲ್ಲ? ಒಂದೊಂದು ಭಂಗಿಯಲ್ಲಿ ಅರ್ಧದಿಂದ ಒಂದು ನಿಮಿಷ, ಅಷ್ಟೇ. 1980ರಲ್ಲಿ ಅವರು ಇದನ್ನು ತೋರಿಸಿದಾಗ ಸಹವೈದ್ಯರು ನಕ್ಕರು. ಪತ್ರಿಕೆಗಳು ಲೇಖನವನ್ನು ಹಿಂದಿರುಗಿಸಿದವು. ಅಚ್ಚಾದದ್ದು 1992ರಲ್ಲಿ. ಇಂದು ಈ ಬಗೆಯ ಸುತ್ತಿನ ಹತ್ತು ಮಂದಿಯಲ್ಲಿ ಏಳೆಂಟು ಮಂದಿ ಒಂದೆರಡು ಸಲದಲ್ಲೇ ಹುಷಾರಾಗುತ್ತಾರೆ. ಕೆಲವರಿಗೆ ಮರುಕಳಿಸುತ್ತದೆ, ಮತ್ತೆ ಮಾಡಿದರಾಯಿತು. ನನ್ನ ವೃತ್ತಿಜೀವನದಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆಯನ್ನು ನಾನು ಕಾಣಲಿಲ್ಲ. ಇದಕ್ಕೆ ಬೇಕಾದ ಸಲಕರಣೆ ಒಂದು ಮಂಚ.

ಮೊರೆತದ ಕತೆ ಇಷ್ಟು ನೇರವಲ್ಲ. ಅದೇ ಪೋರ್ಟ್‌ಲ್ಯಾಂಡಿನಲ್ಲಿ ಜ್ಯಾಕ್ ವರ್ನನ್ ಎಪ್ಪತ್ತರ ದಶಕದಲ್ಲಿ ಶಬ್ದದಿಂದ ಶಬ್ದವನ್ನು ಮುಚ್ಚುವ ಮಾಸ್ಕರ್ ಯಂತ್ರಗಳನ್ನು ಬಳಕೆಗೆ ತಂದರು. ಅದರ ತತ್ವ ನಮ್ಮವರಿಗೆ ಮೊದಲೇ ಗೊತ್ತಿತ್ತು ಎನ್ನಬೇಕು: ಆಟಿಯ ಜಡಿಮಳೆ ಹೆಂಚಿನ ಮೇಲೆ ಬೀಳುವಾಗ ಕಿವಿಯ ಜೀರುಂಡೆ ಸುಮ್ಮನಿರುತ್ತದೆ, ಚಳಿಗಾಲದ ನಿಶ್ಶಬ್ದ ರಾತ್ರಿಯಲ್ಲಿ ಕಿರುಚುತ್ತದೆ ಎಂದು ಎಷ್ಟೋ ಮಂದಿ ಹೇಳಿದ್ದಾರೆ. ನಿಜವಾದ ತಿರುವು 1990ರದು. ಶಬ್ದ ಎಷ್ಟು ಜೋರು ಎಂಬುದಕ್ಕಿಂತ ಮಿದುಳು ಅದಕ್ಕೆ ಎಷ್ಟು ಹೆದರಿದೆ ಎಂಬುದೇ ಮುಖ್ಯ ಎಂದು ಸಂಶೋಧಕ ಪಾವೆಲ್ ಯಾಸ್ಟ್ರೆಬಾಫ್ ವಾದಿಸಿದರು. ಕಿವಿ ಮಂದವಾದವರಿಗೆ ಶ್ರವಣಸಾಧನ, ಕೋಣೆಯಲ್ಲಿ ಮೆಲುಶಬ್ದ, ಜೊತೆಗೆ ತಿಂಗಳುಗಟ್ಟಲೆ ಕೂತು ಮಾತು. ಸಂಕಟ ತಗ್ಗಿಸುವುದರಲ್ಲಿ ಇಂದು ಗಟ್ಟಿ ಆಧಾರ ಇರುವುದು ಅರಿವಿನ ವರ್ತನಾ ಚಿಕಿತ್ಸೆಗೆ. ಅದು ಶಬ್ದವನ್ನು ಅಳಿಸುವುದಿಲ್ಲ, ಭಯವನ್ನು ಕಳೆಯುತ್ತದೆ. ಚೆಂಡೆಯ ಪಕ್ಕ ದಶಕಗಟ್ಟಲೆ ಕೂತು ಹಾಡಿದ ಭಾಗವತರು, ಕೆಂಪುಕಲ್ಲು ಕೊಯ್ಯುವ ಯಂತ್ರದವರು, ಹುಲ್ಲು ಹೆರೆಯುವ ಮೆಷಿನ್ನಿನವರು ಹೀಗೆ ನಿದ್ದೆ ಮರಳಿ ಪಡೆದುದನ್ನು ಕಂಡಿದ್ದೇನೆ. (ಅವರಲ್ಲಿ ಕಿವಿಗೆ ರಕ್ಷಣೆ ಹಾಕಿಕೊಂಡು ಕೆಲಸ ಮಾಡಿದವರನ್ನು ಮಾತ್ರ ಕಾಣಲಿಲ್ಲ.)

ಮಾತ್ರೆಯ ಬಗ್ಗೆ ಎರಡು ಮಾತು. ಮೆನಿಯೆ ಕಾಯಿಲೆಯ 221 ಮಂದಿಯ ಮೇಲೆ ಜರ್ಮನಿಯಲ್ಲಿ ತಲಾ ಒಂಬತ್ತು ತಿಂಗಳ ಚಿಕಿತ್ಸೆಯೊಂದಿಗೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೀಟಾಹಿಸ್ಟಿನ್‌ಗೂ ಬರಿಯ ಹುಸಿಮಾತ್ರೆಗೂ ವ್ಯತ್ಯಾಸ ಕಾಣಲಿಲ್ಲ. ಎಲ್ಲ ಗುಂಪಿನಲ್ಲೂ ಸುತ್ತು ತಗ್ಗಿತು. ನಮ್ಮಲ್ಲಿ ಅದನ್ನು ಬರೆಯುವ ಕೈ ನಿಂತಿಲ್ಲ. ಮೊರೆತಕ್ಕೆ ಗಿಂಕ್ಗೊ ಎಂಬ ಗಿಡದ ಮದ್ದು ಬೇಡ ಎಂದು ಅಮೆರಿಕದ ಕಿವಿ ವೈದ್ಯರ ಮಾರ್ಗಸೂಚಿ 2014ರಲ್ಲೇ ಹೇಳಿತು, ಅದೂ ಮಾರಾಟವಾಗುತ್ತಿದೆ. ಕತ್ತಿನ ಎಲುಬು ನಲವತ್ತೈವತ್ತು ದಾಟಿದ ಬಹುತೇಕರಲ್ಲಿ ಸವೆದಿರುತ್ತದೆ, ಹಾಗಾಗಿ ಎಕ್ಸ್‌ರೇ ಯಾರನ್ನೂ ನಿರಾಶೆಗೊಳಿಸುವುದಿಲ್ಲ. ಆ ಎಲುಬಿನ ಮೇಲೆ ಹೊರಿಸಿದ ಎಷ್ಟೋ ಸುತ್ತು ವಾಸ್ತವದಲ್ಲಿ ಮೈಗ್ರೇನಿನದು. ಮೈಗ್ರೇನಿನ ಸುತ್ತಿಗೆ ಒಪ್ಪಿತ ಲಕ್ಷಣಪಟ್ಟಿ ಬಂದದ್ದೇ 2012ರಲ್ಲಿ. ಹಾಗೆಂದು ಎಲ್ಲವನ್ನೂ ಹಗುರಾಗಿ ನೋಡುವಂತಿಲ್ಲ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾಗಿ ಮೊರೆದರೆ ದಿನಗಳೊಳಗೆ ಸ್ಟಿರಾಯ್ಡ್ ಚಿಕಿತ್ಸೆ ಬೇಕು. ಸುತ್ತಿನ ಜೊತೆ ಮಾತು ತೊದಲಿದರೆ, ನಡೆಯಲಾಗದಿದ್ದರೆ ಅದು ಪಾರ್ಶ್ವವಾಯು ಇರಬಹುದು.

ಇನ್ನು ನಮ್ಮ ಜಿಲ್ಲೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ತಲೆ ತಿರುಗುವವರು ಚಿಕಿತ್ಸೆಗೆಂದು ಅದನ್ನು ಬಸ್ಸಿನಲ್ಲಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು, ದಾಟುತ್ತಾರೆ. 2020ರ ಮಾರ್ಚಿನಲ್ಲಿ, ಕೋವಿಡ್ ಕಾಲದಲ್ಲಿ, ತಲಪಾಡಿ ಗಡಿ ಮುಚ್ಚಿದಾಗ ಆ ದಾರಿಯೂ ಇರಲಿಲ್ಲ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದರು, ಹೊರರೋಗಿ ವಿಭಾಗ ತೆರೆದದ್ದು 2022ರಲ್ಲಿ. ಮೊರೆತದ ಸಂಕಟವನ್ನು 25 ಪ್ರಶ್ನೆಗಳಲ್ಲಿ ಅಳೆಯುವ ಪ್ರಶ್ನಾವಳಿ 2012ರಿಂದ ಕನ್ನಡದಲ್ಲಿದೆ. ಪ್ರಶ್ನೆ ಕೇಳಿದ ಮೇಲೆ ರೋಗಿಯ ಮಾತಿನಲ್ಲೇ, ಅದು ಕನ್ನಡವಿರಲಿ, ತುಳು, ಮಲಯಾಳ, ಹವಿಗನ್ನಡವಿರಲಿ, ವಾರ ವಾರ ಕೂತು ಮಾತನಾಡುವವರು ಬೇಕಲ್ಲ? ಅದು ದುಬಾರಿ, ಒಪ್ಪುತ್ತೇನೆ.

ಎಪ್ಲಿಯ ಕ್ರಮ ದುಬಾರಿಯಲ್ಲ. ನಾನು ಕಂಡ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೆಲ್ಲ ಪರೀಕ್ಷೆಯ ಮಂಚದ ತಲೆಗಡೆ ಗೋಡೆಗೆ ತಾಗಿಕೊಂಡಿರುತ್ತದೆ. ಅಲ್ಲಿ ಯಾರ ತಲೆಯನ್ನೂ ಜೋಲಿಸುವಂತಿಲ್ಲ. ಇದನ್ನು ಓದುವ ವೈದ್ಯರು ನಾಳೆ ಬೆಳಿಗ್ಗೆ ಆ ಮಂಚವನ್ನು ಎರಡಡಿ ಈಚೆಗೆ ಎಳೆಸಿ ಇಡಬೇಕಾಗಿ ವಿನಂತಿ.