ಬೊಂಬೆಗಳಲ್ಲಿ ಪಾಠಾಂತರ

ಓಲೆಯ ಪ್ರತಿಯ ಪುಷ್ಪಿಕೆಯಲ್ಲಿರುವ ಸಂವತ್ಸರವು ಆ ಪ್ರತಿಯದೇ ಎಂದು ನಂಬುವಂತಿಲ್ಲ. ಲಿಪಿಕಾರನು ಮಾತೃಪ್ರತಿಯ ತಿಥಿಯನ್ನೇ ನಕಲು ಮಾಡಿರಬಹುದೆಂಬುದು ವಿದ್ವಾಂಸರಿಗೆ ವಿದಿತವೇ. ಅಮೆರಿಕದ ಸಿನ್‌ಸಿನಾಟಿ ನಗರದ ಕೆನ್ನರ್ ಸಂಸ್ಥೆಯು ಹೊರತಂದ 'ಸ್ಟಾರ್ ವಾರ್ಸ್' ಬೊಂಬೆಗಳಿಗೂ ಇದೇ ನ್ಯಾಯವು ಸಲ್ಲುತ್ತದೆ.

೧೯೭೭ರಲ್ಲಿ ತೆರೆಕಂಡ ಆ ವಿಜ್ಞಾನಕಲ್ಪಿತ ಚಲಚ್ಚಿತ್ರವನ್ನು ಅನುಸರಿಸಿ, ಮೂರೂಮುಕ್ಕಾಲು ಅಂಗುಲದ ಪ್ರಮಾಣದಲ್ಲಿ ಹನ್ನೆರಡು ಪಾತ್ರಗಳ ಬೊಂಬೆಗಳು ೧೯೭೮ರಲ್ಲಿ ಅಂಗಡಿಗಳಿಗೆ ಬಂದವು. ಇವುಗಳ ಕಾಲಿನಲ್ಲಿ ಅಚ್ಚಾಗಿರುವ ೧೯೭೭ ಎಂಬ ಅಂಕವು ಕೃತಿಸ್ವಾಮ್ಯದ ವರ್ಷವೇ ಹೊರತು ಎರಕದ ವರ್ಷವಲ್ಲ. ಅನಂತರ ತಯಾರಾದವುಗಳಲ್ಲಿಯೂ ಅದೇ ಅಂಕವಿರುವುದು. ಆದುದರಿಂದ ಕಾಲನಿರ್ಣಯಕ್ಕೆ ರೂಪಭೇದಗಳೇ ಆಧಾರ. ಲ್ಯೂಕ್, ವೇಡರ್, ಕೆನೋಬಿ ಎಂಬ ಮೂವರ ಮೊದಲ ಪ್ರತಿಗಳಲ್ಲಿ ಕೆಲವಕ್ಕೆ ಎರಡು ಹಂತಗಳಲ್ಲಿ ಚಾಚುವ ಖಡ್ಗವಿತ್ತು; ಬಳಿಕ ಅದು ಒಂದೇ ಹಂತದ್ದಾಯಿತು. ಜಾವಾ ಎಂಬ ಕುಳ್ಳ ಬೊಂಬೆಗೆ ಮೊದಲು ವಿನೈಲಿನ ಮೇಲಂಗಿಯಿತ್ತು. ಬೇಗನೆ ಅದರ ಸ್ಥಾನದಲ್ಲಿ ಬಟ್ಟೆಯ ಅಂಗಿ ಬಂದಿತು.

ವಿನೈಲಿನ ಜಾವಾ ವಿರಳವೂ ಬಹುಮೂಲ್ಯವೂ ಆದಕಾರಣ, ಕೆನೋಬಿಯ ವಿನೈಲ್ ಮೇಲಂಗಿಯನ್ನು ಕತ್ತರಿಸಿ ಬಟ್ಟೆಯಂಗಿಯ ಜಾವಾಕ್ಕೆ ತೊಡಿಸಿದ ಕೃತಕಗಳೂ ಹುಟ್ಟಿಕೊಂಡವು. ಇದು ಪ್ರಕ್ಷೇಪವೇ ಸರಿ: ಬೊಂಬೆಯೂ ಪ್ರಾಚೀನ, ಅಂಗಿಯೂ ಪ್ರಾಚೀನ, ಸಂಯೋಗ ಮಾತ್ರ ಮಿಥ್ಯೆ. ದ್ರವ್ಯದ ಹಳಮೆಯೊಂದರಿಂದಲೇ ಇದು ಬಯಲಾಗದು. ಮೂಲದ ರಟ್ಟಿನ ಮೇಲೆ ಮುದ್ರೆಯೊಡೆಯದೆ ಉಳಿದ ಪ್ರತಿಯೊಡನೆ ಅಂಗಿಯ ಅಳತೆ, ಅಂಚು, ಹೊರಮೈಗಳನ್ನು ಹೋಲಿಸಿಯೇ ನಿರ್ಣಯಿಸಬೇಕು.

ನಷ್ಟವು ಕೊಂಡವನ ಹಣದ್ದು ಮಾತ್ರವಲ್ಲ. ಒಂದು ಕೃತಕಕ್ಕಾಗಿ ನಿಜವಾದ ಕೆನೋಬಿಯೊಂದು ವಿಕಲವಾಗುವುದು, ನಿಜವಾದ ಜಾವಾ ಒಂದು ಸುಳ್ಳುಸಾಕ್ಷಿಯಾಗುವುದು. ಎರಡು ಶುದ್ಧ ಪ್ರತಿಗಳು ಅಳಿದು ಒಂದು ಅಶುದ್ಧ ಪಾಠವು ನಿಲ್ಲುವುದು.