ಪರಿಸರ ಆರೋಗ್ಯ ಮತ್ತು ಜೀವಮಾಹಿತಿ ವಿಜ್ಞಾನ: ಸುರಪುರ ಭಾಗದ ಆರ್ಸೆನಿಕ್ ಸಮಸ್ಯೆಯ ಹಿನ್ನೆಲೆಯಲ್ಲಿ ಸಂಶೋಧಕರ ಕಾರ್ಯ

ಪೀಠಿಕೆ

ಕುಡಿಯುವ ನೀರು, ಮಣ್ಣು ಮತ್ತು ಗಾಳಿಯಲ್ಲಿರುವ ವಿಷವಸ್ತುಗಳು ಮಾನವ ಶರೀರದ ಮೇಲೆ ಬೀರುವ ಪರಿಣಾಮವನ್ನು ವಂಶವಾಹಿಗಳ ಮಾಹಿತಿಯೊಂದಿಗೆ ಹೋಲಿಸಿ, ಗಣಕಯಂತ್ರದ ನೆರವಿನಿಂದ ವಿಶ್ಲೇಷಿಸುವ ಶಾಸ್ತ್ರವು ಜೀವಮಾಹಿತಿ ವಿಜ್ಞಾನದ (ಬಯೋಇನ್‌ಫರ್ಮ್ಯಾಟಿಕ್ಸ್) ಒಂದು ಶಾಖೆಯಾಗಿದೆ. ಯಾದಗಿರಿ, ಶಹಾಪುರ ಮತ್ತು ಸುರಪುರ ಪ್ರದೇಶದಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ.

ಸಮಸ್ಯೆಯ ಸ್ವರೂಪ

ಸುರಪುರ ಭಾಗದಲ್ಲಿ ಹಾದುಹೋಗುವ ಮಂಗಳೂರು ಗ್ರೀನ್‌ಸ್ಟೋನ್ ಶಿಲಾವಲಯದಲ್ಲಿ ಹಿಂದೆ ಚಿನ್ನದ ಗಣಿಗಾರಿಕೆ ನಡೆದಿತ್ತು. (ಕರಾವಳಿಯ ಮಂಗಳೂರು ನಗರಕ್ಕೂ ಇದಕ್ಕೂ ಸಂಬಂಧವಿರುವುದಿಲ್ಲ.) ಚಿನ್ನದ ಅದಿರಿನೊಡನೆ ಆರ್ಸೆನಿಕ್ ಖನಿಜವೂ ಸಾಮಾನ್ಯವಾಗಿ ಇರುತ್ತದೆ. ಈ ವಲಯದ ಕಿರದಳ್ಳಿ ತಾಂಡಾದ ಸಮಸ್ಯೆಯನ್ನು ವಿವರಿಸಿದ ವೈಜ್ಞಾನಿಕ ವರದಿಯು 2013ರಲ್ಲಿ ಪ್ರಕಟವಾಯಿತು. ಅದರ ಮುಖ್ಯಾಂಶಗಳು ಈ ಕೆಳಕಂಡಂತಿವೆ:

1. ಪರೀಕ್ಷಿಸಲಾದ 59 ಕೊಳವೆಬಾವಿ ನೀರಿನ ಮಾದರಿಗಳ ಪೈಕಿ ಶೇ. 79ರಲ್ಲಿ ಆರ್ಸೆನಿಕ್ ಪ್ರಮಾಣವು ಲೀಟರಿಗೆ 10 ಮೈಕ್ರೋಗ್ರಾಂಗಿಂತ ಅಧಿಕವಾಗಿತ್ತು. ಗರಿಷ್ಠ ಪ್ರಮಾಣ 303 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ 10 ಮೈಕ್ರೋಗ್ರಾಂ ಆಗಿದೆ.
2. 12 ಮೇಲ್ಮಣ್ಣಿನ ಮಾದರಿಗಳಲ್ಲಿ 6ರಲ್ಲಿ ಕಿಲೋಗ್ರಾಂಗೆ 2,000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಕಂಡುಬಂದಿತು.
3. 171 ನಿವಾಸಿಗಳಿಂದ ಪಡೆದ ಕೂದಲು ಮತ್ತು ಉಗುರಿನ ಎಲ್ಲ ಮಾದರಿಗಳಲ್ಲಿಯೂ ಆರ್ಸೆನಿಕ್ ಹೆಚ್ಚಾಗಿತ್ತು.
4. ತಪಾಸಣೆಗೊಳಪಟ್ಟ 181 ಜನರಲ್ಲಿ ಶೇ. 58.6 ಮಂದಿಗೆ ಆರ್ಸೆನಿಕ್‌ನಿಂದ ಉಂಟಾಗುವ ಚರ್ಮದ ಲಕ್ಷಣಗಳಿದ್ದವು.

ಅಂಗೈ ಮತ್ತು ಅಂಗಾಲುಗಳ ಚರ್ಮ ಗಡುಸಾಗುವುದು, ಮೈಮೇಲೆ ಕಪ್ಪು ಅಥವಾ ಬಿಳಿ ಚುಕ್ಕೆಗಳು ಮೂಡುವುದು ಪ್ರಮುಖ ಲಕ್ಷಣಗಳು. ದೀರ್ಘಕಾಲ ಇಂತಹ ನೀರನ್ನು ಸೇವಿಸಿದಲ್ಲಿ ಚರ್ಮ, ಮೂತ್ರಕೋಶ ಮತ್ತು ಶ್ವಾಸಕೋಶದ ಕ್ಯಾನ್ಸರ್ ಸಂಭವಿಸಬಹುದು.

ವಂಶವಾಹಿಗಳ ಪಾತ್ರ

ಒಂದೇ ಬಾವಿಯ ನೀರನ್ನು ಕುಡಿದರೂ ಎಲ್ಲರಿಗೂ ಸಮಾನವಾಗಿ ರೋಗ ತಗಲುವುದಿಲ್ಲ. ವಯಸ್ಸು, ಪೌಷ್ಟಿಕತೆ ಮತ್ತು ಸೇವಿಸಿದ ನೀರಿನ ಪ್ರಮಾಣದೊಂದಿಗೆ ವಂಶವಾಹಿಗಳೂ ಇದಕ್ಕೆ ಕಾರಣವಾಗಿವೆ. ಶರೀರವು ಆರ್ಸೆನಿಕ್ ಅನ್ನು ಹಂತಹಂತವಾಗಿ ಪರಿವರ್ತಿಸಿ ಮೂತ್ರದ ಮೂಲಕ ಹೊರಹಾಕುತ್ತದೆ. ಈ ಕಾರ್ಯ ನಿರ್ವಹಿಸುವ ಕಿಣ್ವದ ವಂಶವಾಹಿಯು 10ನೇ ವರ್ಣತಂತುವಿನಲ್ಲಿದ್ದು, ಅದನ್ನು ಎ.ಎಸ್.3.ಎಂ.ಟಿ. ಎಂದು ಕರೆಯಲಾಗುತ್ತದೆ. ಪರಿವರ್ತನೆಯು ಅರ್ಧದಲ್ಲಿ ನಿಂತವರಲ್ಲಿ ರೋಗದ ಸಂಭವ ಹೆಚ್ಚು. ಬಾಂಗ್ಲಾದೇಶದ 1,313 ಜನರ ಸುಮಾರು 3 ಲಕ್ಷ ವಂಶವಾಹಿ ಗುರುತುಗಳನ್ನು ಪರಿಶೀಲಿಸಿದ, 2012ರಲ್ಲಿ ಪ್ರಕಟವಾದ ಅಧ್ಯಯನವು ಈ ವಂಶವಾಹಿಯ ಸಮೀಪದ ವ್ಯತ್ಯಾಸಗಳ ಮಹತ್ವವನ್ನು ದೃಢಪಡಿಸಿತು.

ಸಂಶೋಧಕರ ಕಾರ್ಯವಿಧಾನ

1. ನೀರು, ಮಣ್ಣು, ಕೂದಲು ಮತ್ತು ಮೂತ್ರದ ಪರೀಕ್ಷಾ ಫಲಿತಾಂಶಗಳನ್ನು ವ್ಯಕ್ತಿವಾರು ಹಾಗೂ ಬಾವಿವಾರು ಹೊಂದಿಸುವುದು.
2. ರಕ್ತ ಅಥವಾ ಜೊಲ್ಲಿನಿಂದ ದೊರೆತ ಡಿ.ಎನ್.ಎ. ಮಾಹಿತಿಯಲ್ಲಿನ ದೋಷಗಳನ್ನು ಗುರುತಿಸಿ ತೆಗೆದುಹಾಕುವುದು.
3. ರಕ್ತಸಂಬಂಧವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು. ತಾಂಡಾಗಳಲ್ಲಿ ಹಲವು ಕುಟುಂಬಗಳು ಪರಸ್ಪರ ಬಂಧುಗಳಾಗಿರುವುದರಿಂದ ಇದನ್ನು ಕಡೆಗಣಿಸಿದಲ್ಲಿ ತಪ್ಪು ನಿರ್ಣಯಕ್ಕೆ ಎಡೆಯಾಗುತ್ತದೆ.
4. ಸೇವಿಸಿದ ಆರ್ಸೆನಿಕ್ ಪ್ರಮಾಣ, ವಂಶವಾಹಿ ಮತ್ತು ರೋಗಲಕ್ಷಣಗಳ ನಡುವಣ ಸಂಬಂಧವನ್ನು ಸಂಖ್ಯಾಶಾಸ್ತ್ರದ ವಿಧಾನಗಳಿಂದ ಪರೀಕ್ಷಿಸುವುದು.

ಎರಡು ನೂರಕ್ಕಿಂತ ಕಡಿಮೆ ಜನರ ಮಾಹಿತಿಯಿಂದ ಲಕ್ಷಾಂತರ ಗುರುತುಗಳನ್ನು ವಿಶ್ವಾಸಾರ್ಹವಾಗಿ ಪರೀಕ್ಷಿಸಲಾಗದು. ಆದುದರಿಂದ ಸಣ್ಣ ಊರುಗಳಲ್ಲಿ ಈಗಾಗಲೇ ತಿಳಿದಿರುವ ಕೆಲವೇ ವಂಶವಾಹಿಗಳನ್ನು ಆಯ್ದು ಅಧ್ಯಯನ ಮಾಡುವುದು ಸೂಕ್ತ.

ತರಬೇತಿ ಮತ್ತು ಸೌಲಭ್ಯಗಳು

ಜೀವಶಾಸ್ತ್ರ, ಸಂಖ್ಯಾಶಾಸ್ತ್ರ ಮತ್ತು ಗಣಕ ಕಾರ್ಯಕ್ರಮ ರಚನೆ, ಈ ಮೂರರ ಜ್ಞಾನವೂ ಅವಶ್ಯಕ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಅಂಡ್ ಅಪ್ಲೈಡ್ ಬಯೋಟೆಕ್ನಾಲಜಿ ಈ ಕ್ಷೇತ್ರದ ಪ್ರಮುಖ ಸಂಸ್ಥೆಗಳಲ್ಲೊಂದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಸಮನ್ವಯಗೊಳಿಸಿದ ಜೀನೋಮ್ ಇಂಡಿಯಾ ಯೋಜನೆಯಡಿ 10,000 ಭಾರತೀಯರ ಜೀನೋಮ್ ಮಾಹಿತಿಯನ್ನು ಸಿದ್ಧಪಡಿಸಲಾಗಿದ್ದು, 2025ರ ಜನವರಿಯಲ್ಲಿ ಅದನ್ನು ಸಂಶೋಧಕರಿಗೆ ತೆರೆಯಲಾಯಿತು.

ನೈತಿಕ ನಿಯಮಗಳು

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಗಳನ್ವಯ ನೈತಿಕ ಸಮಿತಿಯ ಅನುಮೋದನೆ ಹಾಗೂ ತಿಳಿವಳಿಕೆಯಿಂದ ಕೂಡಿದ ಸಮ್ಮತಿ ಕಡ್ಡಾಯ. ಸಣ್ಣ ತಾಂಡಾದಲ್ಲಿ ಹೆಸರನ್ನು ಅಳಿಸಿದರೂ ವಯಸ್ಸು, ಕುಟುಂಬ ಮತ್ತು ಕಾಯಿಲೆಯ ವಿವರಗಳಿಂದ ವ್ಯಕ್ತಿಯನ್ನು ಗುರುತಿಸುವುದು ಸಾಧ್ಯ. ವಿವಾಹ ಸಂಬಂಧಗಳಿಗೆ ಧಕ್ಕೆ ಬರುವ ಅಪಾಯವೂ ಇರುವುದರಿಂದ ಮಾಹಿತಿಯ ಗೌಪ್ಯತೆ ಅತಿ ಮುಖ್ಯ. ಪಂಗಡವೊಂದನ್ನು ರೋಗಕ್ಕೆ ಕಾರಣವೆಂದು ಬಿಂಬಿಸಲಾಗದು. ರೋಗದ ಮೂಲ ನೀರು ಮತ್ತು ಮಣ್ಣಿನಲ್ಲಿರುವ ಆರ್ಸೆನಿಕ್ ಆಗಿರುತ್ತದೆ.

ಸಾರ್ವಜನಿಕರ ಗಮನಕ್ಕೆ

- ಆರ್ಸೆನಿಕ್‌ಗೆ ಬಣ್ಣ, ವಾಸನೆ ಅಥವಾ ರುಚಿ ಇರುವುದಿಲ್ಲ. ಪ್ರಯೋಗಾಲಯದ ಪರೀಕ್ಷೆಯಿಂದ ಮಾತ್ರ ಪ್ರಮಾಣವನ್ನು ಖಚಿತವಾಗಿ ತಿಳಿಯಬಹುದು.
- ನೀರನ್ನು ಕುದಿಸುವುದರಿಂದ ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಂತೆ ಅದರ ಸಾಂದ್ರತೆ ಹೆಚ್ಚುತ್ತದೆ.
- ಈ ರೋಗವು ಸ್ಪರ್ಶದಿಂದ ಹರಡುವುದಿಲ್ಲ. ರೋಗಿಗಳನ್ನು ದೂರವಿಡತಕ್ಕದ್ದಲ್ಲ.
- ಅಂಗೈ, ಅಂಗಾಲುಗಳಲ್ಲಿ ಗಡುಸುತನ ಕಂಡಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸತಕ್ಕದ್ದು.

ಯಾರಿಗೆ ಅಪಾಯ ಹೆಚ್ಚೆಂಬುದನ್ನು ತಿಳಿದು ಅಂಥವರ ತಪಾಸಣೆಗೆ ಆದ್ಯತೆ ನೀಡಲು ವಂಶವಾಹಿ ಸಂಶೋಧನೆಯು ನೆರವಾಗುತ್ತದೆ. ಆದರೆ ಶುದ್ಧ ಕುಡಿಯುವ ನೀರಿಗೆ ಅದು ಪರ್ಯಾಯವಲ್ಲ.