ಜೊತೆಯಲ್ಲಿದ್ದವರು ಯಾರು?

1980ರ ಜೂನ್ 23, ಸೋಮವಾರ. ಬಂಗಾರಪೇಟೆಯ ನಮ್ಮ ಮನೆಯಲ್ಲಿ ಎಲ್ಲರೂ ರೇಡಿಯೋ ಸುತ್ತ ನಿಂತಿದ್ದೆವು. ದೆಹಲಿಯಲ್ಲಿ ವಿಮಾನ ಬಿದ್ದು ಸಂಜಯ ಗಾಂಧಿ ತೀರಿಕೊಂಡಿದ್ದರು. ವಯಸ್ಸು ಬರೀ 33. ಅಮ್ಮ "ಆ ತಾಯಿಗೆ ಹೇಗಾಗಿರಬೇಡ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ಮಾತ್ರ, "ಜೊತೇಲಿ ಇನ್ನೊಬ್ಬರಿದ್ದರಂತಲ್ಲ, ಅವರು ಯಾರಂತೆ?" ಎಂದು ಕೇಳಿದರು.

ಅತ್ತೆ ಹಾಗೆ ಕೇಳುವುದಕ್ಕೆ ಕಾರಣವಿತ್ತು. ನನ್ನ ಸೋದರಮಾವ ಕೆ.ಜಿ.ಎಫ್. ಗಣಿಯಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದರು. ಮಾರಿಕುಪ್ಪಂ ರೈಲಿನಲ್ಲಿ ದಿನಾ ಹೋಗಿಬರುತ್ತಿದ್ದರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಉಕ್ಕಿನ ಹಗ್ಗಕ್ಕೆ ತೂಗುವ ಕೇಜಿನಲ್ಲಿ ಜನ ಇಳಿಯುವುದು, ಹತ್ತುವುದು. ಎಂಜಿನ್ ಮನೆಯಲ್ಲಿ ಕೂತವರಿಗೆ ಅವರ ಮುಖ ಕಾಣುವುದಿಲ್ಲ. ಕಣ್ಣೆದುರು ಆಳ ತೋರಿಸುವ ಮುಳ್ಳು, ಕಿವಿಗೆ ಗಂಟೆ, ಅಷ್ಟೆ. ಗಂಟೆ ಮೂರು ಸಲ ಬಡಿದರೆ ಕೇಜು ಹತ್ತುವವರು ಮನುಷ್ಯರು ಎಂದರ್ಥ. ಅದಿರು ಎತ್ತುವ ವೇಗ ಆಮೇಲೆ ಸಲ್ಲದು.

ಒಮ್ಮೆ ನಮ್ಮಣ್ಣ ಅಪ್ಪಣೆ ಪಡೆದು ಗೆಳೆಯರೊಂದಿಗೆ ಗಣಿ ನೋಡಲು ಹೋದ. "ಮಾವ, ಸ್ವಲ್ಪ ಜೋರಾಗಿ ಬಿಡಿ, ಇವರಿಗೆಲ್ಲ ಒಂದು ಮಜಾ ಇರಲಿ" ಎಂದು ಮೊದಲೇ ಗೋಗರೆದಿದ್ದ. ಮಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ದಿನಾ ಇಳಿಸುವ ಹಾಗೇ ಇಳಿಸಿದರು. ಗೆಳೆಯರ ಮುಂದೆ ಮಾನ ಹೋಯಿತೆಂದು ಅಣ್ಣ ತಿಂಗಳುಗಟ್ಟಲೆ ಮಾವನನ್ನು ಮಾತನಾಡಿಸಲಿಲ್ಲ, ಪೆದ್ದ!

ದೆಹಲಿಯದು ಪಿಟ್ಸ್ ಎಸ್-2ಎ ಎಂಬ ಎರಡು ಸೀಟಿನ ಪುಟ್ಟ ವಿಮಾನ. ಆಕಾಶದಲ್ಲಿ ಲಾಗ ಹಾಕುವುದಕ್ಕೆಂದೇ ಮಾಡಿದ್ದು. ಲಾಗ ಹಾಕುವ ವಿಮಾನ ಮೇಲೇರಿ, ಮಗುಚಿ, ಮೂಗು ಕೆಳಗೆ ಮಾಡಿ ಇಳಿಯುತ್ತದೆ. ಅದು ಮತ್ತೆ ನೇರವಾಗುವಷ್ಟು ಎತ್ತರ ಕೆಳಗೆ ಉಳಿದಿರಬೇಕು. ಅದಿಲ್ಲದಿದ್ದರೆ ಎಂಥ ಜಾಣ ಕೈಯೂ ಏನೂ ಮಾಡಲಾರದು. ತಗ್ಗಿನಲ್ಲಿ ಹಾರಿ ಅನಗತ್ಯ ಅಪಾಯ ತರಕೂಡದೆಂದು 1937ರ ವಿಮಾನ ನಿಯಮಗಳಲ್ಲೇ ಇತ್ತು. ಸಫ್ದರ್‌ಜಂಗ್‌ನಿಂದ ಹೊರಟ ವಿಮಾನ ಮನೆಗಳಿರುವ ಕಡೆಯೇ ಬಿತ್ತು. ನುರಿತವರಿಗೂ ಇದು ಹುಡುಗಾಟವಲ್ಲ. 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ಏರೋ ಇಂಡಿಯಾಕ್ಕೆ ಅಭ್ಯಾಸ ಮಾಡುತ್ತಿದ್ದ ಸೂರ್ಯಕಿರಣದ ಎರಡು ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಹೋದರು. ಆದರೆ ಅದು ಅವರ ಉದ್ಯೋಗ, ಅಪಾಯ ಗೊತ್ತಿದ್ದೇ ಹತ್ತಿದವರು. ಜೊತೆಯಲ್ಲಿ ಇನ್ನೊಂದು ಜೀವ ಕೂರಿಸಿಕೊಂಡು ಖುಷಿಗಾಗಿ ಲಾಗ ಹಾಕುವ ಮಾತೇ ಬೇರೆ. ಆ ಇನ್ನೊಬ್ಬರು ತರಬೇತಿ ಕೊಡುವವರೇ ಆದರೂ, ಪ್ರಧಾನಿಯ ಮಗನಿಗೆ "ಇಷ್ಟು ತಗ್ಗಿನಲ್ಲಿ ಬೇಡ" ಎನ್ನುವುದು ಸುಲಭವಿತ್ತೇ?

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮಾವ ಅಷ್ಟರಲ್ಲಿ ನಿವೃತ್ತರಾಗಿದ್ದರು. ಅವರ ಕೈಯಲ್ಲಿ ಹತ್ತಿಳಿದವರು ಎಷ್ಟು ಸಾವಿರವೋ, ಅವರಂತೂ ಲೆಕ್ಕವಿಟ್ಟವರಲ್ಲ.

ಆ ಸೋಮವಾರದ ಮಾರನೆಯ ದಿನ ಪತ್ರಿಕೆ ಬಂತು. ಮುಖಪುಟವೆಲ್ಲ ಒಬ್ಬರದೇ ಸುದ್ದಿ. ಅತ್ತೆಗೆ ಅಕ್ಷರ ಬಾರದು. ನನ್ನನ್ನು ಕೂರಿಸಿಕೊಂಡು ಹುಡುಕಿಸಿದರು. ಸಿಕ್ಕಿತು: ಕ್ಯಾಪ್ಟನ್ ಸುಭಾಷ್ ಸಕ್ಸೇನಾ, ದೆಹಲಿ ಫ್ಲೈಯಿಂಗ್ ಕ್ಲಬ್ಬಿನ ಶಿಕ್ಷಕರು. "ಇನ್ನೊಂದು ಸಲ ಓದು" ಎಂದರು ಅತ್ತೆ.